ಗಾಡಿ ಗುಜರಿಗೆ, ಆರ್‌ಸಿ ನನ್ನ ತಲೆ ಮೇಲೆ

ಜೂನ್ 18, 2024, ಮಂಗಳವಾರ

ಹನ್ನೊಂದು ದಿನ ಕಾದ್ಮೇಲೆ ಇವತ್ತು ಇನ್ಶೂರೆನ್ಸ್‌ನೋರ ಫೋನ್ ಬಂತು, ಮೇಡಂ ನಿಮ್ಮ ಗಾಡಿ ಟೋಟಲ್ ಲಾಸ್ ಅಂತ. ದಾಬಸ್‌ಪೇಟೆ ಹತ್ರ ಮುಂದಿನ ಲಾರಿಯವ್ನು ಗಕ್ಕಂತ ಬ್ರೇಕ್ ಹಾಕಿದ್ದು, ನಮ್ಮವರು ಹೋಗಿ ಗುದ್ದಿದ್ದು, ಅದನ್ನೆಲ್ಲ ಮತ್ತೆ ಬರೆಯೋಕೆ ಮನಸ್ಸಿಲ್ಲ. ಇಬ್ರೂ ಉಳ್ಕೊಂಡ್ವಿ, ಭುಜದ ಮೇಲೆ ಬೆಲ್ಟ್ ಒತ್ತಿದ ಗೆರೆ ಮಾತ್ರ ಇನ್ನೂ ಕಪ್ಪಗಿದೆ.

ನಂಗೆ ನಂಬಕ್ಕೇ ಆಗ್ಲಿಲ್ಲ. ಮುಂದಿನ ಭಾಗ ತಾನೇ ಹೋಗಿರೋದು, ಇಂಜಿನ್ ಸ್ಟಾರ್ಟ್ ಆಗತ್ತೆ! ನಷ್ಟ ಲೆಕ್ಕ ಹಾಕೋ ಸರ್ವೇಯರ್‌ಗೆ ಫೋನ್ ಮಾಡ್ದೆ, ಪಾಪ ಒಳ್ಳೆ ಮನುಷ್ಯ, ಬಿಡಿಸಿ ಹೇಳಿದ್ರು. ಐಡಿವಿ, ಅಂದ್ರೆ ಪಾಲಿಸಿಲಿ ಗಾಡಿಗೆ ಕಟ್ಟಿರೋ ಬೆಲೆ, 4,20,000, ರಿಪೇರಿ ಅದರ 75 ಪರ್ಸೆಂಟ್, ಅಂದ್ರೆ 3,15,000 ದಾಟಿದ್ರೆ ಟೋಟಲ್ ಲಾಸ್, ನಮ್ಮ ಎಸ್ಟಿಮೇಟ್ 3,62,000. ಎರಡು ಏರ್‌ಬ್ಯಾಗ್ ಬಿಚ್ಕೊಂಡಿರೋದ್ರಿಂದ ಡ್ಯಾಶ್‌ಬೋರ್ಡು, ಬೆಲ್ಟು, ಅದರ ಮಾಡ್ಯೂಲು ಎಲ್ಲಾ ಹೊಸದೇ ಹಾಕ್ಬೇಕಂತೆ, ಖರ್ಚು ಏರಿರೋದೇ ಅಲ್ಲಿ. ನಮ್ಮ ಜೀವ ಉಳಿಸಿದ್ದೇ ಗಾಡಿ ಜೀವ ತೆಗೀತು ನೋಡಿ.

ಗಾಡಿ ಬಿಟ್ಕೊಟ್ರೆ ಕಂಪಲ್ಸರಿ ಅಂತ ನಮ್ಮ ತಲೆಗೇ ಹಾಕೋ ಸಾವಿರ ಕಳೆದು 4,19,000. ನಾವೇ ಇಟ್ಕೊಂಡ್ರೆ ಗುಜರಿಯವ್ನು ಕೂಗಿರೋ 1,35,000 ಕೂಡ ಕಳೀತಾರೆ, ಕೈಗೆ 2,84,000. ನಮ್ಮವರಿಗೆ ಇಟ್ಕೊಳ್ಳೋ ಆಸೆ, ಶಿವಾಜಿನಗರದಲ್ಲಿ ಹಳೇ ಪಾರ್ಟ್ಸ್ ತಂದು ಹಾಕ್ಸೋಣ ಅಂದ್ರು. ಏರ್‌ಬ್ಯಾಗೂ ಹಳೇದೇ ತರ್ತೀರಾ ಅಂದೆ, ಸುಮ್ಮನಾದ್ರು.

ಸರಿ, ಬಿಟ್ಕೊಡೋದು ಅಂತ ಆಯ್ತು. ಮಧ್ಯಾಹ್ನ ಇನ್ಶೂರೆನ್ಸ್ ಕಡೆಯ ಒಬ್ಬ ಹುಡುಗ ಪೇಪರ್ಸ್ ತಂದ. ಬ್ಯಾಂಕ್ ಎನ್‌ಒಸಿ ಬೇಕು ಅಂದ (ಲೋನ್ ತೀರಿ ವರ್ಷ ಆಯ್ತು, ಆರ್‌ಸಿಲಿ ಬ್ಯಾಂಕ್ ಹೆಸರು ತೆಗೆಸಿಲ್ಲ, ನಂದೇ ಸೋಮಾರಿತನ). ಆಮೇಲೆ ಗಾಡಿನ ಕೊಳ್ಳೋನ ಹೆಸರಿಗೆ ಮಾಡೋ ಫಾರ್ಮ್ 29, 30 ಮುಂದಿಟ್ಟು ಬರೀ ಸೈನ್ ಹಾಕಿ ಮೇಡಂ, ಮಿಕ್ಕಿದ್ದು ನಾವ್ ತುಂಬ್ಕೋತೀವಿ ಅಂದ. ಕೊಳ್ಳೋನ ಹೆಸರೂ ಖಾಲಿ, ತಾರೀಖೂ ಖಾಲಿ. ಆಗ್ಲಿಲ್ಲ ನನ್ ಕೈಲಿ. ಈ ಗಾಡಿ ಚಾಸಿಸ್ ನಂಬರ್ ಕದ್ದ ಗಾಡಿಗೆ ಹಾಕಿ ಓಡಿಸ್ತಾರೆ ಅಂತ ಎಲ್ರಿಗೂ ಗೊತ್ತು, ಅದು ಯಾರಿಗಾದ್ರೂ ಗುದ್ದಿದ್ರೆ ಪೊಲೀಸ್ರು ಹುಡುಕ್ಕೊಂಡು ಬರೋದು ನಮ್ಮನೆ ಬಾಗಿಲಿಗೆ, ರಿಜಿಸ್ಟರ್ ಯಾರ ಹೆಸರಲ್ಲಿದ್ಯೋ ಅವರೇ ಓನರ್ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳ್ಬಿಟ್ಟಿದೆ. ಆರ್‌ಟಿಒದಲ್ಲಿ ಆರ್‌ಸಿ ಕ್ಯಾನ್ಸಲ್ ಮಾಡ್ಸಿ, ಇಲ್ಲ ಕೊಳ್ಳೋನ ಹೆಸರು ಬರೆದು ತನ್ನಿ ಅಂದೆ. ಎಲ್ರೂ ಹಾಕ್ತಾರೆ ಮೇಡಂ ಅಂದ. ಹಾಕ್ಲಿ. ಚೆಕ್ ಲೇಟಾಗತ್ತೆ ಅಂದ. ಆಗ್ಲಿ. ನಮ್ಮವರು ಒಳಗಿಂದ್ಲೇ ಒಂದ್ಸಲ ಕೆಮ್ಮಿದ್ರು, ಸೈನ್ ಹಾಕಿ ಮುಗಿಸೇ ಮಾರಾಯ್ತಿ ಅನ್ನೋ ಕೆಮ್ಮು ಅದು. ಹುಡುಗ ಮ್ಯಾನೇಜರ್‌ನ ಕೇಳಿ ಹೇಳ್ತೀನಿ ಅಂತ ಹೋದ, ಇಷ್ಟೊತ್ತಾದ್ರೂ ಫೋನಿಲ್ಲ. ನಾಳೆ ಇದನ್ನೇ ಮೇಲ್‌ನಲ್ಲಿ ಬರೆದು ಕಳಿಸ್ತೀನಿ.

ಸಂಜೆ ಗ್ಯಾರೇಜಿಗೆ ಹೋಗಿ ಸಾಮಾನು ತಗೊಂಡ್ ಬಂದ್ವಿ. ಸ್ಟೀರಿಂಗಿಂದ ಏರ್‌ಬ್ಯಾಗ್ ಒದ್ದೆ ಟವೆಲ್ ಥರ ಜೋತಾಡ್ತಿತ್ತು, ಸೀಟೆಲ್ಲ ಬಿಳಿ ಪುಡಿ. ಆಯುಧಪೂಜೆಲಿ ಕಟ್ಟಿದ ನಿಂಬೆಹಣ್ಣು ಬಂಪರ್ ಕೆಳಗೆ ಒಣಗಿ ಗೋಲಿ ಆಗಿ ಇನ್ನೂ ಅಲ್ಲೇ ಇತ್ತು. ಛತ್ರಿ, ಮಾವನ ಕನ್ನಡಕದ ಡಬ್ಬಿ, ಅರ್ಧ ಪ್ಯಾಕೆಟ್ ಕಡಲೆಬೀಜ. ಹೊರಟಾಗ ಫಾಸ್ಟ್ಯಾಗ್ ನೆನಪಾಯ್ತು, ವಾಪಸ್ ಹೋಗಿ ಒಡೆದ ಗಾಜಿನ ಮೇಲಿಂದ ಮನೆ ಬೀಗದ ಕೈಲಿ ಕೆರೆದು ಕೆರೆದು ಕಿತ್ತೆ, ಅದರಲ್ಲಿ ಇನ್ನೂ 340 ರೂಪಾಯಿ ಇದೆ.