ಪ್ರೆಷರ್ ಏರಿದ ಕೂಡಲೇ ಕಾಲಮ್ ಮೇಲೆ ಗೂಬೆ ಕೂರಿಸಬೇಡಿ

ಬೆಂಗಳೂರಿನ ಹೊರವಲಯದ ಒಂದು ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬಿನಲ್ಲಿ ನನ್ನ ಕೆಲಸ. ಎಚ್‌ಪಿಎಲ್‌ಸಿ ಅಂದರೆ ಪಂಪಿನ ಒತ್ತಡದಲ್ಲಿ ದ್ರವ (ಮೊಬೈಲ್ ಫೇಸ್) ಓಡಿಸಿ ಸ್ಯಾಂಪಲ್‌ನಲ್ಲಿರುವ ವಸ್ತುಗಳನ್ನು ಬೇರ್ಪಡಿಸುವ ಯಂತ್ರ. ಬೇರ್ಪಡುವುದು ಕಾಲಮ್ ಎಂಬ ಕೊಳವೆಯೊಳಗೆ, ಹೊರಬಂದದ್ದು ಡಿಟೆಕ್ಟರ್‌ನಲ್ಲಿ ಪೀಕ್ ಆಗಿ ಕಾಣುತ್ತದೆ. ಎಚ್‌ಪಿಎಲ್‌ಸಿಯಲ್ಲಿ ಏನೇ ತೊಂದರೆ ಬಂದರೂ ಮೊದಲು ಬೈಸಿಕೊಳ್ಳುವುದು ಪಾಪ ಕಾಲಮ್. ಒಂದು ಕಾಲಮ್‌ಗೆ ಹತ್ತಾರು ಸಾವಿರ ರೂಪಾಯಿ. ಸುಮ್ನೆ ಬದಲಾಯಿಸುವ ವಸ್ತುವಲ್ಲ ಅದು.

ಇತ್ತೀಚೆಗೆ ಹೀಗೇ ಆಯಿತು. ಯಾವಾಗಲೂ 150 ಬಾರ್ ಪ್ರೆಷರ್ ಆಸುಪಾಸಿನಲ್ಲಿ ಓಡುವ ಮೆಥಡ್ 240 ತೋರಿಸುತ್ತಿತ್ತು. "ಮೇಡಂ, ಕಾಲಮ್ ಹೋಗಿದೆ ಅನ್ಸುತ್ತೆ. ಹೊಸದು ತೆಗೀಲಾ?" ಎಂದಳು ಹೊಸದಾಗಿ ಸೇರಿದ ಹುಡುಗಿ. "ತಡಿಯಮ್ಮಾ, ಮೊದಲು ಕಾಲಮ್ ಬಿಚ್ಚಿ ಆ ಜಾಗಕ್ಕೆ ಯೂನಿಯನ್ ಹಾಕು" ಎಂದೆ. ಯೂನಿಯನ್ ಅಂದರೆ ಎರಡು ಕೊಳವೆಗಳನ್ನು ನೇರವಾಗಿ ಕೂಡಿಸುವ ಜಾಯಿಂಟ್. ಕಾಲಮ್ ಇಲ್ಲದಾಗ ತೀರಾ ಕಡಿಮೆ ಇರಬೇಕಾದ ಪ್ರೆಷರ್ ಸುಮಾರು 100 ಬಾರ್! ಅಂದರೆ ತೊಂದರೆ ಬೇರೆ ಕಡೆ ಇದೆ.

ಆಮೇಲೆ ಡಿಟೆಕ್ಟರ್ ಕಡೆಯಿಂದ ಪಂಪ್ ಕಡೆಗೆ ಹಿಂದಕ್ಕೆ ಬಂದೆವು. ಫ್ಲೋ ನಿಲ್ಲಿಸಿ ಒಂದು ಜಾಯಿಂಟ್ ಬಿಚ್ಚುವುದು, ಮತ್ತೆ ಓಡಿಸಿ ನೋಡುವುದು. ಎಲ್ಲಿ ಪ್ರೆಷರ್ ದಬಕ್ಕನೆ ಇಳಿಯುತ್ತದೋ, ಆಗಷ್ಟೇ ತೆಗೆದ ಭಾಗದಲ್ಲೇ ಅಡಚಣೆ. ನಮಗೆ ಪಂಪ್‌ವರೆಗೂ ಬಂದರೂ ಇಳಿಯಲಿಲ್ಲ. ನಮ್ಮ ಯಂತ್ರ ಅಜಿಲೆಂಟ್ ಕಂಪನಿಯ 1200 ಮಾದರಿ. ಅದರ ಪಂಪಿನ ಪರ್ಜ್ ವಾಲ್ವ್ (ದ್ರವವನ್ನು ಕಾಲಮ್‌ಗೆ ಬಿಡದೆ ಹೊರಹಾಕುವ ವಾಲ್ವ್) ತೆರೆದು ನೀರನ್ನು ನಿಮಿಷಕ್ಕೆ 5 ಎಂಎಲ್ ಓಡಿಸಿದಾಗ 10 ಬಾರ್ ದಾಟಿದರೆ ವಾಲ್ವ್ ಒಳಗಿನ ಫ್ರಿಟ್ (ಕಸ ಸೋಸುವ ಫಿಲ್ಟರ್) ಕಟ್ಟಿದೆ ಎಂದರ್ಥ. ಬಿಚ್ಚಿ ನೋಡಿದರೆ ಬೆಳ್ಳಗಿರಬೇಕಾದ ಪುಟ್ಟ ಫ್ರಿಟ್ ಕಪ್ಪಗಾಗಿತ್ತು. ಪಂಪ್ ಸೀಲ್ ಸವೆದು ಉದುರಿದ ಪುಡಿ ಅದು. ಇಂಥಲ್ಲಿ ಸೀಲ್ ಕೂಡ ಬದಲಾಯಿಸಬೇಕು. ಇಲ್ಲದಿದ್ದರೆ ಹೊಸ ಫ್ರಿಟ್ಟೂ ಬೇಗ ಕಟ್ಟಿಕೊಳ್ಳುತ್ತದೆ.

ಫಾಸ್ಫೇಟ್ ಬಫರ್ (ಪಿಎಚ್ ಅನ್ನು, ಅಂದರೆ ಆಮ್ಲೀಯತೆಯನ್ನು, ಬದಲಾಗದಂತೆ ಹಿಡಿದಿಡುವ ಉಪ್ಪಿನ ದ್ರಾವಣ) ಓಡಿಸಿದ ಮೇಲೆ ನೇರವಾಗಿ ಪೂರ್ತಿ ಅಸಿಟೋನೈಟ್ರೈಲ್‌ಗೆ ಹೋಗುವುದಂತೂ ಬೇಡವೇ ಬೇಡ. ಉಪ್ಪು ಅಲ್ಲಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೊದಲು ನೀರು ಜಾಸ್ತಿ ಇರುವ, ಬಫರ್ ಇಲ್ಲದ ಮಿಶ್ರಣದಲ್ಲಿ ತೊಳೆಯಿರಿ. ಪ್ರೆಷರ್ ಏರುವ ಬದಲು ಕುಣಿಯುತ್ತಿದ್ದರೆ ಗಾಳಿಗುಳ್ಳೆ ಅಥವಾ ಪಂಪಿನ ಚೆಕ್ ವಾಲ್ವ್ (ದ್ರವ ಹಿಂದಕ್ಕೆ ಹರಿಯದಂತೆ ತಡೆಯುವುದು) ನೋಡಿ.

ರಿಟೆನ್ಶನ್ ಟೈಮ್ (ಪೀಕ್ ಹೊರಬರುವ ಸಮಯ) ಜರುಗಿದಾಗ ನಾನು ಮೊದಲು ನೋಡುವುದು ವಾಯ್ಡ್ ಪೀಕ್ ಅನ್ನು, ಅಂದರೆ ಕಾಲಮ್‌ಗೆ ಅಂಟದೆ ಮೊದಲೇ ಹೊರಬರುವುದನ್ನು. ಅದೂ ಉಳಿದ ಪೀಕ್‌ಗಳಷ್ಟೇ ಪ್ರಮಾಣದಲ್ಲಿ ಜರುಗಿದ್ದರೆ ಫ್ಲೋ ಸರಿಯಿಲ್ಲ. ಲೀಕ್ ಹುಡುಕಿ, ಪಂಪ್ ನೋಡಿ. ಅದು ಇದ್ದಲ್ಲೇ ಇದ್ದು ಉಳಿದವು ಮಾತ್ರ ಜರುಗಿದ್ದರೆ ಮೊಬೈಲ್ ಫೇಸ್, ಪಿಎಚ್, ಕಾಲಮ್ ತಾಪಮಾನ ನೋಡಿ, ಇಲ್ಲವೇ ಕಾಲಮ್ಮೇ ಹಳೆಯದಾಗಿದೆ. ಪಿಎಚ್ ವಿಷಯದಲ್ಲಿ ಒಂದು ಮಾತು. ಫಾಸ್ಫೇಟ್ ಪಿಎಚ್ ಅನ್ನು ಚೆನ್ನಾಗಿ ಹಿಡಿದಿಡುವುದು 2.1 ಮತ್ತು 7.2ರ ಆಸುಪಾಸಿನಲ್ಲಿ. ಪಿಎಚ್ 5ಕ್ಕೆ ಫಾಸ್ಫೇಟ್ ಮಾಡಿಟ್ಟುಕೊಂಡರೆ ಅದು ಹೆಸರಿಗಷ್ಟೇ ಬಫರ್. ಅಲ್ಲಿ ಅಸಿಟೇಟ್ ವಾಸಿ. ಪಿಎಚ್ ಹೊಂದಿಸುವುದು ಅಸಿಟೋನೈಟ್ರೈಲ್ ಬೆರೆಸುವ ಮೊದಲೋ ಆಮೇಲೋ ಎಂಬುದನ್ನೂ ಎಲ್ಲರೂ ಒಂದೇ ಥರ ಮಾಡಬೇಕು. ಇಲ್ಲದಿದ್ದರೆ ಬೆಳಗಿನ ಶಿಫ್ಟಿನ ಪೀಕ್ ಒಂದು ಕಡೆ, ರಾತ್ರಿ ಶಿಫ್ಟಿನದು ಇನ್ನೊಂದು ಕಡೆ!

ಪೀಕ್ ಎರಡಾಗಿ ಸೀಳಿದರೂ ಹೀಗೇ ಬಿಡಿಸಿ ನೋಡಬಹುದು. ಎಲ್ಲವೂ ಸೀಳಿದ್ದರೆ ಕಾಲಮ್‌ನ ತಲೆಭಾಗ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಬೇಗ ಬರುವ ಪೀಕ್ ಮಾತ್ರ ಸೀಳಿದ್ದರೆ ಸ್ಯಾಂಪಲ್ ಕರಗಿಸಿದ ದ್ರಾವಕದ ಮೇಲೆ ನನ್ನ ಅನುಮಾನ. ಬರೀ ಮೆಥನಾಲ್‌ನಲ್ಲಿ ಕರಗಿಸಿದ್ದರೆ ಮೊಬೈಲ್ ಫೇಸ್‌ನಲ್ಲೇ ಕರಗಿಸಿ ಮತ್ತೆ ಹಾಕಿ, ಅಥವಾ 20 ಮೈಕ್ರೋಲೀಟರ್ ಬದಲು 5 ಹಾಕಿ ನೋಡಿ. ಪೀಕ್ ಒಂದಾದರೆ ಕಾಲಮ್ ಚೆನ್ನಾಗೇ ಇದೆ.