ಆ ಬರಡು ಗುಡ್ಡಕ್ಕೆ ಇಷ್ಟೊಂದು ಜಗಳ ಯಾಕೆ?

ಗಡಿ ವಿಷಯ ಬರೆದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಜನರೇ ಇಲ್ಲದ ಗುಡ್ಡ. ಅರ್ಧರ್ಧ ಹಂಚಿಕೊಂಡು ಮುಗಿಸಬಾರದಾ?" ಮೋಜಿಣಿ ಮಾಡಿಸಿ ಕಲ್ಲು ನೆಟ್ಟರೆ ಮುಗಿಯುವ ಬದುವಿನ ಜಗಳ ಆಗಿದ್ದರೆ ಸರಿ. ಹಿಮಾಲಯದಲ್ಲಿ ಅದು ಕಷ್ಟ. ಇಬ್ಬರು ಕಿತ್ತಾಡುವ ಜಾಗದ ಪಕ್ಕದಲ್ಲೇ ಮೂರನೆಯವರು ಕೂತಿರುತ್ತಾರೆ.

ಡೋಕ್ಲಾಮ್ ತಗೊಳ್ಳಿ. ಭೂತಾನ್, ಟಿಬೆಟ್, ಸಿಕ್ಕಿಂ ಕೂಡುವ ಕಡೆ ಇರುವ ಎತ್ತರದ ಬಯಲು, ಸುಮಾರು 89 ಚದರ ಕಿಲೋಮೀಟರ್. ನಮ್ಮದು ಅಂತ ಭೂತಾನ್ ಹೇಳುತ್ತದೆ, ಚೀನಾನೂ ಹೇಳುತ್ತದೆ. ಭಾರತ ಹಾಗೆ ಹೇಳುವುದೇ ಇಲ್ಲ. ಆದರೂ 2017ರ ಜೂನ್‌ನಲ್ಲಿ ಚೀನಾ ಅಲ್ಲಿ ದಕ್ಷಿಣಕ್ಕೆ ರಸ್ತೆ ಎಳೆಯಲು ಹೊರಟಾಗ ಅಡ್ಡ ನಿಂತವರು ಭಾರತದ ಸೈನಿಕರು. ಎರಡೂ ಕಡೆಯವರು ಎದುರುಬದುರಾಗಿದ್ದದ್ದು ಆಗಸ್ಟ್ 28ರವರೆಗೆ.

ಕಾರಣ ರಸ್ತೆ. ಅದು ಮುಂದುವರಿದು ಜಂಫೇರಿ ಅನ್ನುವ ಬೆಟ್ಟಸಾಲಿನ ಏಣಿನವರೆಗೆ, ಅಂದರೆ ನೆತ್ತಿಯವರೆಗೆ, ಬಂದರೆ ಕೆಳಗೆ ಸ್ವಲ್ಪ ದೂರದಲ್ಲೇ ಪಶ್ಚಿಮ ಬಂಗಾಳದ ಸಿಲಿಗುರಿಯ ನೆಲದ ಪಟ್ಟಿ. ಅತಿ ಕಿರಿದಾದ ಕಡೆ ಅದರ ಅಗಲ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅಸ್ಸಾಂನಿಂದ ಮಣಿಪುರದವರೆಗೆ ಈಶಾನ್ಯಕ್ಕೆ ಹೋಗುವ ರೈಲು, ಹೆದ್ದಾರಿ ಎಲ್ಲ ಅದರೊಳಗೇ ಹಾಯಬೇಕು. ಅಲ್ಲಿಗೆ ದಿಲ್ಲಿಯವರ ನಿದ್ದೆ ಹೋಯಿತು, ಅಲ್ವಾ?

ಇನ್ನು ಕಾಗದ ನೋಡೋಣ ಅಂದರೆ, ಅದು ಸಿಕ್ಕಿಂ-ಟಿಬೆಟ್ ಗಡಿಯ 1890ರ ಒಪ್ಪಂದ. ಸಹಿ ಹಾಕಿದ್ದು ಬ್ರಿಟಿಷರು ಮತ್ತು ಚೀನಾದ ಚಿಂಗ್ ದೊರೆತನ. ಭೂತಾನನ್ನು ಯಾರೂ ಕರೆದಿರಲಿಲ್ಲ! ಗಡಿ ಗಿಪ್ಮೋಚಿ ಬೆಟ್ಟದಿಂದ ಶುರು ಅಂತ ಅದರಲ್ಲಿದೆ. ನೀರು ಎರಡು ಕಡೆಗೆ ಹರಿದುಹೋಗುವ ಏಣೇ ಗಡಿ ಅಂತಲೂ ಇದೆ. ನೆಲದ ಮೇಲೆ ಇವೆರಡೂ ಒಂದೇ ಕಡೆ ಬರುವುದಿಲ್ಲ. ಚೀನಾ ಬೆಟ್ಟದ ಹೆಸರು ಹಿಡಿದುಕೊಂಡಿದೆ, ಭಾರತ ಮತ್ತು ಭೂತಾನ್ ಏಣನ್ನು.

ನನಗೆ ಇದರಲ್ಲಿ ಪಾಪ ಅನ್ನಿಸುವುದು ಭೂತಾನ್. 1984ರಿಂದ ಚೀನಾ ಜೊತೆ ಮಾತುಕತೆ ನಡೆಸುತ್ತಿದೆ. ಉತ್ತರದ ಕಣಿವೆಗಳನ್ನು ನೀವಿಟ್ಟುಕೊಳ್ಳಿ, ಪಶ್ಚಿಮದಲ್ಲಿ ಡೋಕ್ಲಾಮ್ ಕಡೆಯದ್ದು ನಮಗೆ ಕೊಡಿ ಅಂತ ಚೀನಾ ತೊಂಬತ್ತರ ದಶಕದಲ್ಲೇ ಕೇಳಿತ್ತು. ಸುಮ್ನೆ ಲೆಕ್ಕ ಹಾಕಿದರೆ ಭೂತಾನ್‌ಗೆ ಜಾಸ್ತಿ ನೆಲ ಸಿಗುತ್ತಿತ್ತು. ಒಪ್ಪಿದರೆ ಭಾರತಕ್ಕೆ ಕುತ್ತು, ಒಪ್ಪದಿದ್ದರೆ ದೊಡ್ಡ ನೆರೆಯವನ ಜೊತೆ ಜಗಳ ಹಾಗೇ ಉಳಿಯುತ್ತದೆ. ಒಂದು ಪುಟ್ಟ ದೇಶ ತನ್ನ ಗಡಿಯನ್ನು ತಾನೇ ತೀರ್ಮಾನಿಸಲು ಆಗದ ಸ್ಥಿತಿ ಇದು. ಪ್ರದೇಶದ ಭದ್ರತೆ ಕೆಡುತ್ತದೆ ಅಂದರೆ ನನ್ನ ಪ್ರಕಾರ ಮೊದಲು ಇದೇ. ಗುಂಡು ಹಾರುವುದು ಆಮೇಲಿನ ಮಾತು.

ಗುಂಡು ಹಾರದೆಯೂ ಜನ ಸಾಯುತ್ತಾರೆ ಅನ್ನೋದನ್ನು 2020ರ ಜೂನ್ 15ರ ರಾತ್ರಿ ಲಡಾಖ್‌ನ ಗಾಲ್ವಾನ್ ಕಣಿವೆಯಲ್ಲಿ ನೋಡಿದೆವು. ಗಡಿ ರೇಖೆಯ ಹತ್ತಿರ ಬಂದೂಕು ಬಳಸಬಾರದು ಅಂತ ಭಾರತ ಮತ್ತು ಚೀನಾ ನಡುವೆ 1996ರ ಒಪ್ಪಂದ ಇದೆ. ಕಲ್ಲು, ಮೊಳೆ ಹೊಡೆದ ದೊಣ್ಣೆಗಳಲ್ಲೇ ಬಡಿದಾಟವಾಗಿ ನಮ್ಮ 20 ಸೈನಿಕರು ಸತ್ತರು. ತನ್ನ ಕಡೆ ನಾಲ್ವರು ಸತ್ತರು ಅಂತ ಚೀನಾ ಮುಂದಿನ ವರ್ಷ ಹೇಳಿತು. ಕಾವಲು ತಿರುಗುವ ಬಗ್ಗೆ ಎರಡೂ ಒಪ್ಪಂದಕ್ಕೆ ಬರುವಷ್ಟರಲ್ಲಿ 2024ರ ಅಕ್ಟೋಬರ್ ಆಗಿತ್ತು.

ಅಷ್ಟು ವರ್ಷ ಕೈಲಾಸ ಮಾನಸ ಸರೋವರ ಯಾತ್ರೆಯೂ ಇರಲಿಲ್ಲ. ಮೊದಲು ಕೊರೊನಾ ಕಾರಣಕ್ಕೆ ನಿಂತಿತು, ಆಮೇಲೆ ಗಡಿ ಜಗಳಕ್ಕೆ. ಅದಕ್ಕೆ ನಮ್ಮ ರಾಜ್ಯ ಸರ್ಕಾರ ಸಹಾಯಧನ ಕೊಡುವುದರಿಂದ ಕರ್ನಾಟಕದಲ್ಲಿ ಕಾದು ಕುಳಿತವರೂ ಇದ್ದರು. 2025ರಲ್ಲಿ ಮತ್ತೆ ಶುರುವಾಯಿತು. ಯಾತ್ರೆಯ ಒಂದು ದಾರಿ ಉತ್ತರಾಖಂಡದ ಲಿಪುಲೇಖ್ ಕಣಿವೆಮಾರ್ಗ. ಅಲ್ಲಿಯೂ ಮೂರನೆಯವರಿದ್ದಾರೆ: ನೇಪಾಳ. 1816ರ ಸುಗೌಲಿ ಒಪ್ಪಂದದ ಪ್ರಕಾರ ಕಾಳಿ ನದಿಯೇ ಗಡಿ. ಆದರೆ ನದಿ ಹುಟ್ಟುವುದು ಎಲ್ಲಿ ಅನ್ನುವುದರಲ್ಲೇ ತಕರಾರು. 2020ರ ಮೇ ತಿಂಗಳಲ್ಲಿ ಭಾರತ ಲಿಪುಲೇಖ್ ಕಡೆಗೆ ರಸ್ತೆ ತೆರೆಯಿತು. ನೇಪಾಳ ಅದೇ ತಿಂಗಳು ಲಿಪುಲೇಖನ್ನು ತನ್ನೊಳಗೆ ತೋರಿಸುವ ಹೊಸ ನಕ್ಷೆ ಹೊರಡಿಸಿ, ಮುಂದಿನ ತಿಂಗಳೇ ಅದನ್ನು ಸಂವಿಧಾನಕ್ಕೂ ಸೇರಿಸಿತು. ಈಗ ಅದನ್ನು ಬಿಟ್ಟುಕೊಡುವುದು ಅಲ್ಲಿನ ಯಾವ ಸರ್ಕಾರಕ್ಕೂ ಸುಲಭವಲ್ಲ.

2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಚೀನಾ ಸ್ವಲ್ಪ ರಾಜಿಯಾಗಿ, ಲಿಪುಲೇಖ್ ಮೂಲಕ ವ್ಯಾಪಾರ ಮತ್ತೆ ಶುರು ಮಾಡೋಣ ಅಂದುಕೊಂಡವು. ನೇಪಾಳ ಕೂಡಲೇ ಆಕ್ಷೇಪ ಎತ್ತಿತು. ಆ ಜಾಗ ತಮ್ಮದು, ತಮ್ಮನ್ನು ಕೇಳದೆ ಇಬ್ಬರೂ ಹೇಗೆ ಮಾತಾಡಿಕೊಂಡಿರಿ ಅನ್ನೋದು ಕಠ್ಮಂಡುವಿನವರ ಸಿಟ್ಟು.