ಗೋಡೆ ಮೇಲೆ ದೇಶದ ಚಿನ್ನ: ಗ್ರಾಫ್ ಎಲ್ಲಿಗೆ ಬಂತು

ನಾಲ್ಕು ತಿಂಗಳ ಹಿಂದೆ ಶುರು ಮಾಡಿದ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ರಿಸರ್ವ್ ಬ್ಯಾಂಕಿನ ಚಿನ್ನ 1950ರಿಂದ ಇವತ್ತಿನವರೆಗೆ ಹೇಗೆ ಏರಿತು ಅನ್ನುವುದನ್ನು ಒಂದೇ ಹಾಳೆಯಲ್ಲಿ ಕೈಯಾರೆ ಬರೆಯಬೇಕು ಅಂತ ನನ್ನ ಆಸೆ. ಗ್ರಾಫ್ ಹಾಳೆಗಳನ್ನು ಗೋಂದು ಹಚ್ಚಿ ಸೇರಿಸಿದ್ದೇನೆ. ಒಂದು ಟನ್ನಿಗೆ ಒಂದು ಮಿಲಿಮೀಟರ್, ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಹಾಳೆ ಒಂದು ಮೀಟರ್ ಎತ್ತರ ಇದೆ. ಊಟದ ಕೋಣೆಯ ಗೋಡೆ ಪೂರ್ತಿ ಅದಕ್ಕೇ ಹೋಗಿದೆ.

ಮೊದಲ ಗ್ರಾಫನ್ನು ಹರಿದು ಹಾಕಬೇಕಾಯಿತು. ಹಳೆಯ ಲೆಕ್ಕಗಳಲ್ಲಿ ಚಿನ್ನ ರೂಪಾಯಿಯಲ್ಲಿದೆ, ತೂಕದಲ್ಲಿಲ್ಲ. ನಾನು ಹಾಗೇ ರೂಪಾಯಿಯಲ್ಲೇ ಬರೆದುಬಿಟ್ಟೆ. 1950ರ ದಶಕದ ಶುರುವಿನಲ್ಲಿ 40.02 ಕೋಟಿ ರೂಪಾಯಿ ಅಂತ ಇರುತ್ತದೆ. 1956 ದಾಟಿದ ಮೇಲೆ ನೋಡಿದರೆ 117.76 ಕೋಟಿ! ಒಂದೇ ಏಟಿಗೆ ಮೂರು ಪಟ್ಟು ಹತ್ತಿರ. ಇಷ್ಟು ಚಿನ್ನ ಎಲ್ಲಿಂದ ಬಂತು ಅಂತ ಎರಡು ದಿನ ಹುಡುಕಿದೆ.

ಎಲ್ಲಿಂದಲೂ ಬಂದಿರಲಿಲ್ಲ. ಬದಲಾಗಿದ್ದು ದರ ಮಾತ್ರ. ಅಲ್ಲಿಯವರೆಗೆ ರಿಸರ್ವ್ ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಒಂದು ತೊಲಕ್ಕೆ 21 ರೂಪಾಯಿ 3 ಆಣೆ 10 ಪೈ ಹಿಡಿಯುತ್ತಿದ್ದರು. 1956ರಲ್ಲಿ ಕಾಯಿದೆ ತಿದ್ದಿ ಅದನ್ನು 62.50 ರೂಪಾಯಿ ಮಾಡಿದರು. 40.02 ಕೋಟಿಯನ್ನು ಹಳೇ ದರದಿಂದ ಭಾಗಿಸಿ ನೋಡಿ. 1.88 ಕೋಟಿ ತೊಲ ಬರುತ್ತದೆ. 117.76 ಕೋಟಿಯನ್ನು ಹೊಸ ದರದಿಂದ ಭಾಗಿಸಿ. ಅದೇ 1.88 ಕೋಟಿ ತೊಲ! ತೊಲ ಅಂದರೆ 11.66 ಗ್ರಾಂ, ಅಲ್ಲಿಗೆ ಸುಮಾರು 220 ಟನ್. ಆ ಎರಡು ಉತ್ತರ ಒಂದಕ್ಕೊಂದು ತಾಳೆಯಾದಾಗ ಆದ ಖುಷಿ ಹೇಳತೀರದು. ರಾತ್ರಿ ಹನ್ನೊಂದು ಗಂಟೆ. ಆಗಲೇ ಹೊಸ ಹಾಳೆ ತೆಗೆದೆ.

ಆಮೇಲೆ ರೂಪಾಯಿಯನ್ನು ಪೂರ್ತಿ ಬಿಟ್ಟೆ. ಬಿಟ್ಟಿದ್ದೇ ಒಳ್ಳೆಯದಾಯಿತು. 1966ರಲ್ಲಿ ರೂಪಾಯಿ ಬೆಲೆ ಇಳಿಸಿದ ನಂತರ ಪುಸ್ತಕದ ದರ ಹತ್ತು ಗ್ರಾಮಿಗೆ 84.39 ರೂಪಾಯಿ ಆಯಿತು. ಅಂಗಡಿಯಲ್ಲಿ ಅದೇ ಹತ್ತು ಗ್ರಾಂ 3,000 ದಾಟಿದಾಗಲೂ ಪುಸ್ತಕದಲ್ಲಿ 84.39 ಹಾಗೇ ಇತ್ತು. 1990ರ ಅಕ್ಟೋಬರಿನಲ್ಲಷ್ಟೇ ಮಾರುಕಟ್ಟೆ ಬೆಲೆಗೆ ಹತ್ತಿರ ತಂದರು. ತೂಕದಲ್ಲಿ ನೋಡಿದರೆ ಆ ದಶಕಗಳ ಏರಿಕೆ ನಿಧಾನ. 1980ಕ್ಕೆ 267 ಟನ್, 1990ಕ್ಕೆ 333 ಟನ್ ಹತ್ತಿರ.

ಎರಡನೇ ತೊಡಕು 1991. ಆ ವರ್ಷದ ಕಥೆ ಎಲ್ಲರಿಗೂ ಗೊತ್ತು. ವಿದೇಶಿ ವಿನಿಮಯ ಬಹುತೇಕ ಬರಿದಾಗಿ, ಆಮದಿಗೆ ಕೊಡಲು ಡಾಲರ್ ಸಾಲುತ್ತಿರಲಿಲ್ಲ. ಮೊದಲು ಸರ್ಕಾರ ಕಳ್ಳಸಾಗಣೆಯಲ್ಲಿ ಜಪ್ತಿಯಾಗಿದ್ದ 20 ಟನ್ ಚಿನ್ನವನ್ನು, ವಾಪಸ್ ಕೊಳ್ಳುವ ಕರಾರಿನ ಮೇಲೆ, ಸ್ಟೇಟ್ ಬ್ಯಾಂಕ್ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿತು. ಜುಲೈ 4ರಿಂದ 18ರ ಒಳಗೆ ರಿಸರ್ವ್ ಬ್ಯಾಂಕ್ ತನ್ನ 46.91 ಟನ್ ಅಡ ಇಟ್ಟು, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ 40.5 ಕೋಟಿ ಡಾಲರ್ ಸಾಲ ಪಡೆಯಿತು. ಹಾಗಾದರೆ ನನ್ನ ಗೆರೆಯನ್ನು 47 ಮಿಲಿಮೀಟರ್ ಕೆಳಗೆ ಇಳಿಸಬೇಕಾ?

ಪೆನ್ಸಿಲ್ ಹಿಡಿದು ನಿಂತಿದ್ದೆ. ಅವರೆಕಾಳು ಬಿಡಿಸುತ್ತಿದ್ದ ಅಮ್ಮ ಕೇಳಿದರು, ಹೇಳಿದೆ. "ಅಡ ಇಟ್ಟಿದ್ದು ನಮ್ಮದೇ ಅಲ್ವಾ? ಬಿಡಿಸ್ಕೊಳ್ಳೋ ತನಕ ಕೈಯಲ್ಲಿ ಇರಲ್ಲ, ಅಷ್ಟೇ" ಅಂದರು. ನನ್ನ ಕಾಲೇಜು ಫೀಸಿಗೆ ಅವರ ಎರಡು ಬಳೆ ಒಂದೂವರೆ ವರ್ಷ ಸೊಸೈಟಿಯಲ್ಲಿತ್ತು. ಅವರಿಗೆ ಅದು ಓದಿ ತಿಳಿಯಬೇಕಾದ ವಿಷಯವೇ ಅಲ್ಲ.

ಅಲ್ಲಿಂದ ಗ್ರಾಫಿಗೆ ಎರಡು ಬಣ್ಣ ಬಂತು. ನಮ್ಮ ದೇಶದ ಒಳಗೇ ಇರುವುದು ಹಳದಿ, ಹೊರಗಿರುವುದು ನೀಲಿ. ಸಾಲ 1991ರಲ್ಲೇ ತೀರಿತು. ಆದರೆ ಚಿನ್ನ ವಾಪಸ್ ಬರಲಿಲ್ಲ, ಸರ್ಕಾರ ಮಾರಿದ್ದರಲ್ಲಿ ವಾಪಸ್ ಕೊಂಡದ್ದೂ ಸೇರಿ ಸುಮಾರು 65 ಟನ್ ಹೊರಗೇ ಉಳಿಯಿತು. ನೀಲಿ ಪಟ್ಟಿ ಅಲ್ಲಿಂದ ಶುರು. 2000ದಿಂದ 2009ರವರೆಗೆ ಒಟ್ಟು 357.75 ಟನ್, ಸ್ಕೇಲ್ ಇಟ್ಟು ಗೆರೆ ಎಳೆದುಬಿಟ್ಟೆ.

2009ರ ಕೊನೆಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ (ಐಎಂಎಫ್) 200 ಟನ್ ಖರೀದಿ. ಬೆಲೆ 670 ಕೋಟಿ ಡಾಲರ್. ಹಾಳೆಯಲ್ಲಿ ಒಂದು ಗೇಣು ನೆಟ್ಟಗೆ ಮೇಲಕ್ಕೆ. ಹದಿನೆಂಟು ವರ್ಷದ ಹಿಂದೆ ಅಡ ಇಟ್ಟವರು ಈಗ ಕೊಳ್ಳುವವರು. ಆ ಗೆರೆ ಎಳೆಯುವಾಗ ನಿಜಕ್ಕೂ ಹೆಮ್ಮೆ ಅನಿಸಿತು. ಆದರೆ ಆ 200 ಕೂಡ ನೀಲಿಯೇ. ಒಟ್ಟು 557.75 ಟನ್ನಿನಲ್ಲಿ ಹಳದಿ 292.26 ಮಾತ್ರ.

ಎಂಟು ವರ್ಷ ಮತ್ತೆ ಸಪಾಟು. 2017ರ ಡಿಸೆಂಬರಿನಿಂದ ಖರೀದಿ ಮತ್ತೆ ಶುರುವಾಗಿ, 2022ರ ಮಾರ್ಚಿಗೆ 760.42 ಟನ್ ತಲುಪಿತು. ಬಣ್ಣ ತುಂಬಿದ ಮೇಲೆ ಕಣ್ಣಿಗೆ ಬಿದ್ದಿದ್ದು ಬೇರೆಯೇ. ಇಷ್ಟು ಕೊಂಡರೂ ಹಳದಿ 295.82ರಲ್ಲೇ ಇತ್ತು! ಬಂದಿದ್ದೆಲ್ಲ ಹೆಚ್ಚುಕಮ್ಮಿ ನೀಲಿಗೇ ಸೇರಿತ್ತು. 2023ರ ಮಾರ್ಚಿನಲ್ಲೂ ಹಳದಿ 301 ಅಷ್ಟೇ. ಆಮೇಲೆ ಪಟ್ಟಿ ಉಬ್ಬಿದೆ. 2024ರ ಮಾರ್ಚಿಗೆ 408, ಸೆಪ್ಟೆಂಬರಿಗೆ 510. ಆರೇ ತಿಂಗಳಲ್ಲಿ ನೂರು ಟನ್ ಜಾಸ್ತಿ, ಅದು ಇಂಗ್ಲೆಂಡಿನಿಂದ ವಾಪಸ್ ತಂದಿದ್ದು. 2025ರ ಸೆಪ್ಟೆಂಬರಿಗೆ ಒಟ್ಟು 880.18, ಅದರಲ್ಲಿ ಹಳದಿ 575.82. ಬರೀ ಒಟ್ಟು ತೂಕದ ಗೆರೆ ನೋಡಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

ಬಲಗಡೆ ಅಂಚಿನಲ್ಲಿ 800ರ ಎತ್ತರಕ್ಕೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿದ್ದೇನೆ. ಅದು ನಮ್ಮ ಕೋಲಾರದ್ದು. 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೆ, ಸುಮಾರು 120 ವರ್ಷದಲ್ಲಿ ಕೆಜಿಎಫ್ ಗಣಿಗಳಿಂದ ತೆಗೆದ ಚಿನ್ನ ಸುಮಾರು 800 ಟನ್. ನೆಲದಡಿ ಮೂರು ಕಿಲೋಮೀಟರಿಗೂ ಆಳ ಇಳಿದು ತಲೆತಲಾಂತರದವರು ತೆಗೆದದ್ದು. ಗೆರೆ ಆ ಗುರುತನ್ನು ದಾಟಿದ್ದು 2023ರ ಸೆಪ್ಟೆಂಬರಿಗೆ, 800.79ರಲ್ಲಿ.

ಇನ್ನು ಉಳಿದಿರುವ ಕೆಲಸ: ಹೊರಗಿನ ಚಿನ್ನದಲ್ಲಿ ಠೇವಣಿ ಇಟ್ಟಿದ್ದು ಬೇರೆ ಲೆಕ್ಕ ಇದೆ, 2023ರ ಮಾರ್ಚಿನಲ್ಲಿ 56.32 ಟನ್, 2025ರ ಸೆಪ್ಟೆಂಬರಿನಲ್ಲಿ 13.99. ಅದಕ್ಕೆ ಹಸಿರು ಬಣ್ಣ ಕೊಡಬೇಕು. ಭಾನುವಾರ ಕೂರುತ್ತೇನೆ. ಮೇಲುಗಡೆ ಇನ್ನು ಹನ್ನೆರಡು ಸೆಂಟಿಮೀಟರ್ ಜಾಗ ಇದೆ.